ಬಾವನ ಹಾಯಿದೋಣಿ ಮತ್ತು ನನ್ನ ಮೀಟರು

ಕೆಟ್ಟುಹೋದ ಸಾಮಾನು ಕಂಡರೆ ಕೆಲವರಿಗೆ ಬೇಸರವಾಗುತ್ತದೆ, ನನಗೆ ಹುರುಪು ಬರುತ್ತದೆ. ಇದು ಗುಣವಲ್ಲ, ಕಾಯಿಲೆ ಎಂದು ನನ್ನ ಹೆಂಡತಿ ಮದುವೆಯಾದ ವರ್ಷವೇ ಪತ್ತೆ ಹಚ್ಚಿದಳು. ಅವಳ ತವರಿನವರು ಕೊಟ್ಟ ಮಿಕ್ಸಿಯನ್ನು ಬಿಚ್ಚಿ ಮತ್ತೆ ಕೂಡಿಸಿದಾಗ ಮೂರು ಸ್ಕ್ರೂ ಉಳಿದವು. ಕಂಪನಿಯವರೇ ಹೆಚ್ಚಾಗಿ ಹಾಕಿರಬೇಕು ಎಂದೆ. ಅಂದಿನಿಂದ ಮಧುಗಿರಿಯ ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಕೆಟ್ಟರೂ ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಒಯ್ಯುತ್ತಾಳೆ. ಹೊರಗಿನವರಿಗೆ ಇದು ಗೊತ್ತಿಲ್ಲ. ಕೊರಟಗೆರೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಿಗೆ ಕರೆಂಟಿನ ಮರ್ಮವೆಲ್ಲ ತಿಳಿದಿರಲೇಬೇಕು ಎಂದು ಅವರು ನಂಬುತ್ತಾರೆ. ಹಾಗೆ ನಂಬಿದವರಲ್ಲಿ ನನ್ನ ಅಕ್ಕನ ಗಂಡ ಶಿವಣ್ಣನವರೂ ಒಬ್ಬರು.

ಬಾವ ಮದಲೂರಿನವರು. ಚಿಕ್ಕಂದಿನಲ್ಲಿ ಮೊಣಕಾಲುದ್ದದ ನೀರಿಗಿಂತ ಹೆಚ್ಚು ಕಂಡವರಲ್ಲ. ಅಂಥವರು ಮುಂಬೈಗೆ ಹೋಗಿ, ಹಡಗು ಸೇರಿ, ಅರ್ಧ ಆಯುಷ್ಯ ಡೆಕ್ಕಿನ ಮೇಲೆ ಹಗ್ಗ ಎಳೆದರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ತೊದಲಿತು. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ತುಮಕೂರಿನ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದೇ ವರ್ಷ ಮದಲೂರು ಕೆರೆ ತುಂಬಿತು. ಜಗಲಿಯಲ್ಲಿ ಕೂತು ನೀರು ನೋಡುತ್ತಿದ್ದ ಬಾವ ಒಂದು ದಿನ ಮಂಗಳೂರಿನ ಹಳೆಯ ಗೆಳೆಯನಿಗೆ ಫೋನ್ ಮಾಡಿಸಿ, ಯಾರೋ ಬಳಸಿಬಿಟ್ಟ ಹಾಯಿದೋಣಿಯೊಂದನ್ನು ಲಾರಿಯಲ್ಲಿ ತರಿಸಿಕೊಂಡರು. ಹಾಯಿ ಏರಿಸುವ ಹಗ್ಗ ಜಗ್ಗಲು ಎರಡು ಕೈ ಬೇಕು, ಬಾವನಿಗೆ ಉಳಿದದ್ದು ಒಂದು. ಅದಕ್ಕೆಂದೇ ಬ್ಯಾಟರಿಯಿಂದ ತಿರುಗುವ ವಿಂಚು ಹಾಕಿಸಿದ್ದರು. ಗುಂಡಿ ಒತ್ತಿದರೆ ಡ್ರಮ್ಮು ತಿರುಗಿ, ಹಗ್ಗ ಸುತ್ತಿಕೊಂಡು, ಹಾಯಿ ತಾನಾಗಿ ಮೇಲೇರಬೇಕು. ಊರಿನವರು ಅದಕ್ಕೆ ಕರೆಂಟ್ ರಾಟೆ ಎಂದು ಹೆಸರಿಟ್ಟರು. ಪಂಚಾಯಿತಿಯವರು ಮೊದಲು ಗೊಣಗಿ, ಆಮೇಲೆ ದೋಣಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಒಪ್ಪಿದರು. ಇಷ್ಟೆಲ್ಲ ಆಗಿ ದೋಣಿಯನ್ನು ನೀರಿಗಿಳಿಸಿ ಬಾವ ಗುಂಡಿ ಒತ್ತಿದರೆ ಟಿಕ್ ಎಂದಿತು, ಅಷ್ಟೆ. ಅಕ್ಕ ನನಗೆ ಫೋನ್ ಮಾಡಿದಳು.

ನಾನು ಮೀಟರು, ಸ್ಕ್ರೂಡ್ರೈವರು, ಎರಡು ಜೊತೆ ಬಟ್ಟೆ ಹಿಡಿದುಕೊಂಡು ಶಿರಾ ಬಸ್ಸು ಹತ್ತಿದೆ. ಆಷಾಢದ ಮೊದಲ ವಾರ, ಕೆರೆ ಏರಿಯ ಮೇಲೆ ನಿಂತರೆ ಪಂಚೆ ಹಾರುವಷ್ಟು ಗಾಳಿ. ಬ್ಯಾಟರಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಹನ್ನೆರಡೂವರೆ ವೋಲ್ಟು ಚೆನ್ನಾಗಿ ತೋರಿಸಿತು. ಕರೆಂಟು ಬರುವ ದಾರಿಯಲ್ಲಿ ತೊಂದರೆಯೇ ಇಲ್ಲ, ಕೆಟ್ಟಿರುವುದು ವಿಂಚೇ ಎಂದು ತೀರ್ಪು ಕೊಟ್ಟೆ. ಗುಂಡಿ ಒತ್ತಿ ಹಿಡಿದಾಗ ವಿಂಚಿನ ಬಳಿ ಎಷ್ಟು ವೋಲ್ಟು ಉಳಿಯುತ್ತದೆ ಎಂದು ನೋಡಬೇಕಿತ್ತು; ನಡುವೆ ಎಲ್ಲಾದರೂ ವೈರಿನ ಕೂಡಿಕೆ ಕೆಟ್ಟಿದ್ದರೆ ಆಗಲೇ ಗೊತ್ತಾಗುವುದು. ಇದನ್ನು ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ತಂಡಗಳಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಗೆ ಕೇಳಿದ್ದೇನೆ, ಬರೆಯದವರ ಕಿವಿ ಹಿಂಡಿದ್ದೇನೆ. ಅವತ್ತು ಮಾತ್ರ ನೆನಪಿಗೇ ಬರಲಿಲ್ಲ.

ಮೊದಲ ದಿನವೇ ಒಂದು ಸುಲಭದ ಉಪಾಯ ಕಣ್ಣಿಗೆ ಬಿದ್ದಿತ್ತು. ವಿಂಚಿನ ತಲೆಗೆ ಸಿಕ್ಕಿಸಿ ಕೈಯಿಂದ ತಿರುಗಿಸುವ ಹಿಡಿಯೊಂದು ದೋಣಿಯಲ್ಲೇ ಇತ್ತು. ಕರೆಂಟು ಯಾಕೆ ಬಾವ, ನಾನೇ ತಿರುಗಿಸುತ್ತೇನೆ, ಹೊರಡೋಣ ಎಂದೆ. ಬಾವ ತಲೆ ಅಲ್ಲಾಡಿಸಿದರು. ಒಂದೊಂದೇ ಮಾತನ್ನು ಎಳೆದು ತಂದು ಹೇಳಿದರು.

"ನೀನು ತಿರುಗಿಸಿದ್ರೆ ಅದು ನೀನು ಎತ್ತಿದ ಹಾಯಿ, ಮೇಷ್ಟ್ರೇ. ನಾನು ಸುಮ್ಕೆ ಕುಂತಿರೋ ಮೂಟೆ. ರಿಪೇರಿ ಮಾಡು, ಕಾಯ್ತೀನಿ."

ಹೀಗೆ ಅವರು ಕಾದರು. ನಾನು ವಿಂಚಿನ ಮೋಟಾರು ಬಿಚ್ಚಿ ಶಿರಾದಲ್ಲಿ ಜೆಸಿಬಿಗಳ ಸ್ಟಾರ್ಟರ್ ರಿಪೇರಿ ಮಾಡುವ ಸಾಬರ ಬಳಿ ಒಯ್ದೆ. ಅವರು ಅದನ್ನು ತಮ್ಮ ಬ್ಯಾಟರಿಗೆ ಮುಟ್ಟಿಸಿದ ಕೂಡಲೇ ಗಿರ್ರನೆ ತಿರುಗಿತು. ಮೋಟಾರು ಮಸ್ತಾಗೈತೆ, ವೈರು ನೋಡಿ ಮೇಷ್ಟ್ರೇ ಎಂದರು. ಏಳನೇ ಕ್ಲಾಸು ಓದಿದವರು ನನಗೆ ವೈರು ನೋಡಲು ಹೇಳುತ್ತಾರಲ್ಲ ಎಂದು ಒಳಗೊಳಗೇ ನಗುತ್ತಾ ಬಂದು ಮೋಟಾರನ್ನು ಮತ್ತೆ ಕೂರಿಸಿದೆ. ಹಾಗಾದರೆ ಗುಂಡಿ ಒತ್ತಿದಾಗ ಟಿಕ್ ಎಂದು ಮೋಟಾರಿಗೆ ಕರೆಂಟು ಬಿಡುವ ರಿಲೇಯೇ ಕೆಟ್ಟಿದೆ ಎಂದು ಬೆಂಗಳೂರಿನಿಂದ ಹೊಸದು ತರಿಸಿದೆ. ಅದು ಬರಲು ಎಂಟು ದಿನ. ಹಾಕಿದೆ. ಅದೂ ಟಿಕ್ ಎಂದಿತು, ಸ್ವಲ್ಪ ಜೋರಾಗಿ. ಆಮೇಲೆ ಗುಂಡಿ ಬದಲಾಯಿಸಿದೆ. ದಿನಾ ಬೆಳಿಗ್ಗೆ ಅಕ್ಕ ಬಾವನ ಕೈ ಹಿಡಿದು ಏರಿಯ ಮೇಲೆ ನಡೆಸಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುವಳು. ಅವರು ಗಾಳಿಗೆ ಮುಖ ಕೊಟ್ಟು ಕೂತಿರುವರು. ಒಂದು ದಿನವೂ ಇನ್ನೂ ಆಗಲಿಲ್ಲವೇ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಮೂರನೇ ವಾರ ಮುಗಿಯುತ್ತಾ ಬಂದಾಗ ಅಕ್ಕ ತಿಂಡಿ ತಂದವಳು ದೋಣಿಯೊಳಗೆ ಬಗ್ಗಿ ನೋಡಿದಳು. ನಾನು ಬ್ಯಾಟರಿ ಪೆಟ್ಟಿಗೆಯನ್ನು ಸರಿಸಿಟ್ಟಿದ್ದೆ. ಅದರ ಅಡಿಯಲ್ಲಿ ದಪ್ಪ ಕರಿ ವೈರೊಂದು ತಾಮ್ರದ ಪಟ್ಟಿಗೆ ಬಂದು ಸೇರಿತ್ತು.

"ಇದೇನ್ಲಾ ಇಂಗೆ ಹಸಿರಾಗೈತೆ? ದೇವರ ತಂಬಿಗೆ ಕಿಲುಬು ಹಿಡ್ದಂಗೆ. ಉಜ್ಜಬಾರ್ದಾ?" ಎಂದಳು.

ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಮುಟ್ಟಬೇಡ ಎಂದು ಹೇಳಿ, ಸಾಬರ ಮಾತು ನಂಬದೆ ಹೊಸ ಮೋಟಾರಿನ ವಿಚಾರ ಕೇಳಲು ಫೋನ್ ಹಿಡಿದು ಏರಿಯ ಆಚೆ ಹುಣಸೆಮರದ ಕಡೆ ಹೋದೆ. ಅಕ್ಕ ನನ್ನ ಹಿಂದೆಯೇ ಬಂದು, ಬಿದ್ದಿದ್ದ ಹುಣಸೆಹಣ್ಣು ನಾಲ್ಕು ಆಯ್ದುಕೊಂಡು ವಾಪಸು ಹೋದದ್ದನ್ನು ನಾನು ಗಮನಿಸಲಿಲ್ಲ. ಬಾವ ಮೇನ್ ಸ್ವಿಚ್ಚು ಆರಿಸಿ, ಯಾವ ನಟ್ಟು ಯಾವ ಕಡೆ ತಿರುಗಿಸಬೇಕೆಂದು ಎಡಗೈಯಲ್ಲಿ ತೋರಿಸಿದರಂತೆ. ಅವಳು ಬಿಚ್ಚಿ, ಉಜ್ಜಿ, ನೀರು ಹಾಕಿ ತೊಳೆದು, ಸೆರಗಿನಲ್ಲಿ ಒರೆಸಿ, ಬಿಗಿ ಮಾಡಿದಳಂತೆ. ಮೋಟಾರಿನ ಬೆಲೆ ವಿಚಾರಿಸುತ್ತಿದ್ದ ನನಗೆ ಕೆರೆಯ ಕಡೆಯಿಂದ ಗುರ್ರೆನ್ನುವ ಶಬ್ದ ಕೇಳಿಸಿತು. ಫೋನಿನಲ್ಲಿದ್ದವರು ಹಲೋ ಹಲೋ ಎನ್ನುತ್ತಲೇ ಇದ್ದರು.

ಮಾರನೆಯ ಬೆಳಿಗ್ಗೆ ಮೂವರೂ ದೋಣಿ ಹತ್ತಿದೆವು. ನಾನು ಲೈಫ್ ಜಾಕೆಟ್ ಸಾಲದೆಂದು ಟ್ರ್ಯಾಕ್ಟರಿನ ಟ್ಯೂಬನ್ನೂ ತಬ್ಬಿಕೊಂಡಿದ್ದೆ. ಬಾವ ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ಬಿಳಿಯ ಹಾಯಿ ನಡುಗುತ್ತಾ ಮೇಲೇರಿ, ಗಾಳಿ ತುಂಬಿಕೊಂಡು ಬಿಗಿಯಾಯಿತು. ದೋಣಿ ಒಂದು ಕಡೆಗೆ ವಾಲಿ ನೀರು ಸೀಳತೊಡಗಿದಾಗ ಅಕ್ಕ ಕಣ್ಣು ಮುಚ್ಚಿಕೊಂಡಳು. ಬಾವ ಚುಕ್ಕಾಣಿ ಹಿಡಿದು ಒಂದು ಗಂಟೆ ಕೆರೆ ಸುತ್ತಿಸಿದರು. ಆ ಹೊತ್ತಿನಲ್ಲಿ ಅವರು ಕಾಯಿಲೆಯವರಂತೆ ಕಾಣಲೇ ಇಲ್ಲ. ದಡಕ್ಕೆ ಬಂದ ಮೇಲೆ, "ನಾಳೆ ಇನ್ನೂ ದೂರ ಹೋಗಾನಾ" ಎಂದರು.

ಆ ನಾಳೆಯೂ ಗಾಳಿ ಬೀಸಿತು. ಬಾವ ಏಳಲಿಲ್ಲ. ನಸುಕಿನಲ್ಲೇ ಎರಡನೆಯ ಸಲ ಹೊಡೆದಿತ್ತು. ತುಮಕೂರಿಗೆ ಒಯ್ದೆವು, ಅಲ್ಲಿ ಎರಡು ದಿನ ಇದ್ದು ಹೋದರು.

ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಎಲ್ಲೆಂದರಲ್ಲಿ ನಾನು ಒಂದೇ ಲೆಕ್ಕ ಮಾಡುತ್ತೇನೆ. ಮೊದಲ ದಿನವೇ ಆ ಕರಿ ವೈರನ್ನು ನೋಡಿದ್ದರೆ ಬಾವನಿಗೆ ಇಪ್ಪತ್ತು ಬೆಳಗುಗಳು ಸಿಗುತ್ತಿದ್ದವು. ಸಿಕ್ಕಿದ್ದು ಒಂದು. ಉಳಿದವನ್ನು ನಾನು ಮೀಟರು ಹಿಡಿದುಕೊಂಡು ಕಳೆದೆ.

ತಿಥಿಯ ದಿನ ಊಟದ ಪಂಕ್ತಿಯಲ್ಲಿ ನನ್ನ ಎಡಬಲದವರದೆಲ್ಲ ಒಂದೇ ಮಾತು. ಶಿವಣ್ಣನ ಕಡೇ ಆಸೆ ತೀರಿಸಿದವರು ಈ ಮೇಷ್ಟ್ರು, ಮನೆ ಮಠ ಬಿಟ್ಟು ಇಲ್ಲೇ ಕೂತು ಆ ಮಿಷನ್ನು ಸರಿ ಮಾಡಿದರು, ಓದಿದವರೆಂದರೆ ಹೀಗಿರಬೇಕು ಎಂದರು. ಅಲ್ಲ, ಸರಿ ಮಾಡಿದ್ದು ನಾನಲ್ಲ ಎನ್ನಲು ಬಾಯಿ ತೆರೆದೆ. ಬಾಯಿ ತೆರೆದಾಗ ಅದರಲ್ಲಿ ಅನ್ನವಿತ್ತು, ನುಂಗಿದೆ. ನುಂಗಿದ ಮೇಲೆ, ಏನೋ ನಮ್ಮ ಕೈಲಾದದ್ದು ಎಂದುಬಿಟ್ಟೆ. ಯಾರು ಬೇಡವೆಂದರೂ ಕೇಳದೆ ಬಡಿಸಲು ಬಂದಿದ್ದ ಅಕ್ಕ ಪಾಯಸದ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಎರಡು ಸೌಟು ಹಾಕಿದಳು.

"ಉಣ್ಣಪ್ಪ. ಮೂರು ವಾರ ಕಷ್ಟಪಟ್ಟಿದ್ದೀಯ" ಎಂದು ಮುಂದಿನ ಎಲೆಗೆ ಹೋದಳು.

ಅವಳು ನಿಜವಾಗಿ ಹೇಳಿದಳೋ, ಚುಚ್ಚಿ ಹೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಲು ಧೈರ್ಯವಿಲ್ಲ. ಪಾಯಸವನ್ನಂತೂ ಪೂರ್ತಿ ಉಂಡೆ.