ಎತ್ತಿನ ಕೆಂಪು ಕಣ್ಣು, ಗಿಳಿಯ ಮಾಸಲು ಹಸಿರು

ಚಿತ್ರಗಳ ಬಣ್ಣ ಬದಲಿಸಲು ಕುಳಿತ ಕುರ್ಚಿಯಿಂದ ನಾನು ನಗದೆ ಎದ್ದ ದಿನಗಳು ಕಡಿಮೆ. ಒಮ್ಮೆ ಗಿರಾಕಿ ನಗಿಸುತ್ತಾರೆ, ಒಮ್ಮೆ ಕಂಪ್ಯೂಟರ್ ನಗಿಸುತ್ತದೆ, ಇನ್ನೊಮ್ಮೆ ನನ್ನ ಅತಿಬುದ್ಧಿಯೇ ನಗಿಸುತ್ತದೆ.

ರಾಯಚೂರಿನ ಬಸ್ ನಿಲ್ದಾಣದಿಂದ ನಡೆದು ಬರುವಷ್ಟು ದೂರದಲ್ಲಿ ನನ್ನ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಡಬ್ಬಿಯ ಲೇಬಲ್ಲು, ಅಕ್ಕಿ ಚೀಲದ ಚಿತ್ರ ಎಲ್ಲದಕ್ಕೂ ಡಿಸೈನ್ ಮಾಡುತ್ತೇನೆ. ಈ ವಿದ್ಯೆ ಯಾರೂ ಕಲಿಸಿದ್ದಲ್ಲ. ಮೊದಲು ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಮಡಚುವ ಕೆಲಸಕ್ಕಿದ್ದೆ. ಆಪರೇಟರು ಊಟಕ್ಕೆ ಹೋದಾಗ ಖಾಲಿಯಾಗುತ್ತಿದ್ದ ಕುರ್ಚಿ, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಪಕ್ಕದಲ್ಲೊಂದು ನಿಘಂಟು. ನನ್ನ ಶಾಲೆ ಇಷ್ಟೇ. ಸ್ವಂತ ಅಂಗಡಿ ಹಾಕುತ್ತೇನೆ ಎಂದಾಗ ಪ್ರೆಸ್ಸಿನ ಮಾಲೀಕರು ನಕ್ಕರು.

"ಕಾರ್ಡ್ ಮಡಚೋದು ಬ್ಯಾರೆ, ಬಣ್ಣ ತಿಳಿಯೋದು ಬ್ಯಾರೆ ಬೇ. ನೀ ಮಾಡಿದ್ದೆಲ್ಲಾ ವಾಪಸ್ ಬರ್ತದ ನೋಡು."

ನಾನು ಎಲ್ಲರೆದುರೇ ಹೇಳಿದೆ: "ಬಣ್ಣ ಸರಿ ಇಲ್ಲಂತ ಒಂದೇ ಒಂದು ಕೆಲಸ ವಾಪಸ್ ಬರ್ಲಿ, ಅವತ್ತೇ ಅಂಗಡಿಗೆ ಬೀಗ ಹಾಕ್ತೀನಿ."

ಆ ಮಾತು ಇಡೀ ಓಣಿಗೆ ಗೊತ್ತು. ಆದ್ದರಿಂದ ಗಿರಾಕಿ ತಮ್ಮ ಬಾಯಿಂದ "ಇದೇ ಬಣ್ಣ" ಎನ್ನುವವರೆಗೆ ನಾನು ಯಾವುದನ್ನೂ ಮುದ್ರಣಕ್ಕೆ ಕಳಿಸುವುದಿಲ್ಲ.

ಚಿತ್ರಗಳನ್ನು ನಾವು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತೇವೆ. ವೆಕ್ಟರ್ ಚಿತ್ರ ಎನ್ನುತ್ತಾರೆ. ಅದರಲ್ಲಿ ಎಲೆ, ಹೂವು, ಕಣ್ಣು, ಮೂಗು ಎಲ್ಲ ಬಿಡಿ ಬಿಡಿ ತುಂಡು. ಯಾವ ತುಂಡಿಗೆ ಯಾವ ಬಣ್ಣ ಬೇಕಾದರೂ ತುಂಬಬಹುದು. ಆದರೆ ಬರೆದವರು ಯಾವ ದೇಶದವರೋ, ಏನು ಉಂಡು ಬೆಳೆದವರೋ. ಅವರ ಚಿತ್ರವನ್ನು ನಮ್ಮ ಸೀಮೆಯ ಬಿಸಿಲಿಗೆ ಒಗ್ಗಿಸಬೇಕು. ಪ್ರಸಂಗಗಳು ಹುಟ್ಟುವುದೇ ಅಲ್ಲಿ.

೧. ಜೋಡೆತ್ತು

ಗಬ್ಬೂರಿನಿಂದ ಅಪ್ಪ ಮಗ ಬಂದಿದ್ದರು. ಬೀಜ ಗೊಬ್ಬರದ ಅಂಗಡಿ ಶುರು ಮಾಡುವವರು. ಫ್ಲೆಕ್ಸಿನ ಮೇಲೆ ಜೋಡೆತ್ತು ಬೇಕು, ಅಕ್ಷರ ಮತ್ತು ಅಂಚು ಕೆಂಪಗಿರಬೇಕು ಎಂದರು.

ನನ್ನ ಹತ್ತಿರ ಇದ್ದದ್ದು ವಿದೇಶದ ಚಿತ್ರ. ಮೈಮೇಲೆ ಕಪ್ಪು ಬಿಳಿ ಮಚ್ಚೆ, ಹೆಗಲ ಮೇಲೆ ಡುಬ್ಬದಂಥ ಇಣಿ ಇಲ್ಲ, ಕೊಂಬು ಬೆರಳುದ್ದ. ನಾನು ಸೋಲುವವಳಲ್ಲ. ಮಚ್ಚೆ ಅಳಿಸಿ ಮೈಯೆಲ್ಲ ಬಿಳಿ ಮಾಡಿದೆ, ಇಣಿ ಏರಿಸಿದೆ, ಕೊಂಬು ಬೆಳೆಸಿದೆ, ಒಂದನ್ನು ಎರಡು ಮಾಡಿ ನಿಲ್ಲಿಸಿದೆ. ಅಂಚು, ಅಕ್ಷರ ಕಪ್ಪಗಿದ್ದವು. ಒಂದೊಂದೇ ಹಿಡಿದು ಕೆಂಪು ಮಾಡುವುದು ಯಾಕೆಂದು, ಕಪ್ಪಗಿರುವುದನ್ನೆಲ್ಲ ಒಂದೇ ಸಲ ಹಿಡಿಯುವ ಆಜ್ಞೆ ಕೊಟ್ಟು ಕೆಂಪು ಸುರಿದೆ.

ಮಗ ಪರದೆಯನ್ನು ಬಹಳ ಹೊತ್ತು ನೋಡಿದ. "ಅಕ್ಕಾರ, ಎತ್ತು ಛಲೋ ಬಂದಾವ. ಆದ್ರ ಇವು ಹೊಲಕ್ಕ ಹೊಂಟಾವೋ, ಸೆರೆ ಅಂಗಡ್ಯಾಗ ಕುಡದು ಬರಾಕತ್ತಾವೋ?"

ಎರಡೂ ಎತ್ತಿನ ಕಣ್ಣು ಕೆಂಡದಂತಿದ್ದವು. ಎತ್ತಿನ ಕಣ್ಣೂ ಕಪ್ಪೇ ಅಲ್ಲವೇ, ಅದಕ್ಕೂ ಕೆಂಪು ತುಂಬಿತ್ತು. ಕೂಡಲೇ ಸರಿ ಮಾಡಿ, "ಈಗ ಹೇಳ್ರಿ ಯಪ್ಪಾ, ಇನ್ನೇನರ ಉಳದದ?" ಎಂದು ಅಪ್ಪನನ್ನು ಕೇಳಿದೆ, ಸ್ವಲ್ಪ ಸೊಕ್ಕಿನಿಂದಲೇ.

ಆತ ಕನ್ನಡಕ ಏರಿಸಿ ಕೆಳಗಿನಿಂದ ಮೇಲಕ್ಕೆ ನೋಡಿದ. "ಇಣಿ ಅದ, ಕೊಂಬ ಅದ, ಎಲ್ಲಾ ಅದ ಯವ್ವಾ. ಕೆಚ್ಚಲ ಒಂದು ತೆಗೀಲಿಲ್ಲ ನೀನು. ಇರ್ಲಿ ಬಿಡು, ಮುಂಜಾನೆ ಹಾಲು ಕೊಟ್ಟು ಹೊಲಕ್ಕ ಬರ್ತಾವ."

೨. ಮೆಣಸಿನಕಾಯಿ

ದೇವದುರ್ಗದ ಮಹಿಳಾ ಸಂಘವೊಂದರವರು ಖಾರದ ಪುಡಿ ಮಾಡಿ ಮಾರುತ್ತಾರೆ. ಪೊಟ್ಟಣದ ಲೇಬಲ್ಲಿಗಾಗಿ ಅವರ ಮುಖ್ಯಸ್ಥೆ ಬಂದರು. ನಾನು ಇಳಿಸಿದ ಮೆಣಸಿನಕಾಯಿ ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು.

"ಇದು ಮೆಣಸಿನಕಾಯಿ ಅಲ್ಲ, ಮಕ್ಕಳ ಆಟದ ಸಾಮಾನು" ಎಂದು ಅವರು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒಣ ಮೆಣಸಿನಕಾಯಿ ಮೇಜಿನ ಮೇಲೆ ಸುರಿದರು. "ಈ ಬಣ್ಣ ಹಚ್ರಿ."

ಒಂದನ್ನು ಪರದೆಗೆ ಹಿಡಿದು ಬಣ್ಣ ಹೊಂದಿಸಿದೆ. ಅವರಿಗೆ ಸಮಾಧಾನವಿಲ್ಲ. "ಅದು ಮ್ಯಾಲಿನ ಸಿಪ್ಪಿ. ಪುಡಿ ಬಣ್ಣ ಒಳಗಿಂದು" ಎಂದವರೇ ನಾಲ್ಕೈದನ್ನು ಪಟಪಟ ಮುರಿದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಮೊದಲು ನಾನು ಸೀನಿದೆ. ಆಮೇಲೆ ಬೆಂಚಿನ ಮೇಲೆ ಕುಳಿತಿದ್ದ ಗಿರಾಕಿಗಳು ಸಾಲಾಗಿ ಸೀನಿದರು. ಪಕ್ಕದ ಚಹಾ ಅಂಗಡಿಯವನು ಏನಾಯಿತೆಂದು ಒಳಗೆ ಬಂದವನು ಸೀನುತ್ತಲೇ ಹೊರಗೆ ಹೋದ. ನಾನು ಮರೆತು ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ಆಮೇಲಿನ ಕಥೆ ಹೇಳಬೇಕಾಗಿಲ್ಲ. ನೀರು ಹಾಕಿಕೊಂಡು, ಒರೆಸಿಕೊಂಡು, ಮತ್ತೆ ಬಂದು ಕುಳಿತೆ. ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ.

ಆಕೆ ನನ್ನ ಗಲ್ಲ ಹಿಡಿದು ಮುಖ ಬೆಳಕಿನತ್ತ ತಿರುಗಿಸಿದರು. ಪಾಪ, ಕಣ್ಣಿಗೆ ಏನಾಗಿದೆಯೋ ನೋಡುತ್ತಾರೆ ಎಂದುಕೊಂಡೆ.

"ಹಾಂ, ನಿಮ್ಮ ಕಣ್ಣು ಈಗ ಬರೋಬರಿ ಬಣ್ಣಕ್ಕ ಬಂದಾವ. ಮೊಬೈಲಿನ್ಯಾಗ ಒಂದು ಫೋಟೊ ಹೊಡಕೊಂಡು ಅದನ್ನ ಹಚ್ಚಿಬಿಡ್ರಿ."

ಹಾಗೇ ಮಾಡಿದೆ. ಆ ಪೊಟ್ಟಣ ಇಂದಿಗೂ ಸಂತೆಯಲ್ಲಿ ಸಿಗುತ್ತದೆ. ಅದರ ಮೇಲಿನ ಕೆಂಪು ನನ್ನ ಎಡಗಣ್ಣಿನದು.

೩. ಮದುಮಗ

ಮಾನ್ವಿ ಕಡೆಯ ಮಲ್ಲಟದಿಂದ ಅಜ್ಜಿ ಮೊಮ್ಮಗ ಬಂದರು. ಮೊಮ್ಮಗನ ಮದುವೆ. ಕಾರ್ಡಿನ ಮೇಲೆ ಗಂಡು ಹೆಣ್ಣಿನ ಚಿತ್ರ ಇಟ್ಟು ತೋರಿಸಿದೆ. ಹೊರದೇಶದ ಚಿತ್ರವಾದ್ದರಿಂದ ಇಬ್ಬರೂ ಗುಲಾಬಿ ಬಣ್ಣ.

ಅಜ್ಜಿ ಬೆರಳಿಟ್ಟು ಕೇಳಿದಳು, "ಇವ ಯಾರು?"

"ನಿಮ್ಮ ಮೊಮ್ಮಗರೀ ಯವ್ವಾ. ಮದುಮಗ."

"ನನ್ನ ಮೊಮ್ಮಗ ಗದ್ದಿಯೊಳಗ ದುಡದು ಕರ್ರಗ ಆಗ್ಯಾನ. ಇವ ಸಾಬೂನ ತಿಂದಂಗ ಅದಾನ. ಮಂದಿ ಕಾರ್ಡ್ ನೋಡಿ ಬ್ಯಾರೆ ಲಗ್ನ ಅಂತ ತಿಳಕೊಂತಾರ."

ಮೊಮ್ಮಗ ಮೆಲ್ಲಗೆ, "ಏ ಯವ್ವಾ, ಕಾರ್ಡಿನ್ಯಾಗರ ಬೆಳ್ಳಗಿರ್ತೀನಿ ಬಿಡು" ಎಂದ.

"ಸುಮ್ನಿರು ಲೇ. ದುಡದ ಮೈ ಮುಚ್ಚಿಡ್ತಾರೇನು?"

ಅಜ್ಜಿಯ ಮಾತು ನನಗೆ ಹಿಡಿಸಿತು. ಮುಖ, ಕಿವಿ, ಕೈ ಒಂದೊಂದೇ ಹಿಡಿದು ಬಣ್ಣ ಇಳಿಸುತ್ತ ಬಂದೆ. ಮೂರನೆಯ ಸಲಕ್ಕೆ ಅಜ್ಜಿ, "ಹಾಂ, ಈಗ ನಮ್ಮ ಮನಿ ಹುಡುಗ ಆದ" ಎಂದು ಪರದೆಗೇ ದೃಷ್ಟಿ ತೆಗೆದಳು. ಅದೇ ಹುರುಪಿನಲ್ಲಿ ನಾನು ಮದುಮಗಳ ಕೆನ್ನೆಗೆ ಕೈ ಹಾಕಿದೆ. ಅಜ್ಜಿ ತಟ್ಟನೆ ನನ್ನ ಕೈ ಹಿಡಿದಳು.

"ಆಕಿನ್ನ ಮುಟ್ಟಬ್ಯಾಡ. ಆಕಿಗೂ ಒಬ್ಬಾಕಿ ಅಜ್ಜಿ ಅದಾಳ. ಆಕಿ ನನಗಿಂತ ಜೋರದಾಳ."

೪. ನವಿಲು

ಇದು ನನ್ನ ಅತಿಬುದ್ಧಿಯ ಕಥೆ. ಸೀರೆ ಅಂಗಡಿ ನಡೆಸುವ ಮುಸ್ಲಿಂ ಮನೆತನದ ತಾಯಿಯೊಬ್ಬರು ಮಗಳ ಮದುವೆ ಕಾರ್ಡಿಗೆ ಬಂದು, ನವಿಲಿನ ಅಂಚು ಆರಿಸಿ, "ನಾಳೆ ಬಂದು ಬಣ್ಣ ಹೇಳ್ತೀನ್ರೀ" ಎಂದು ಹೋದರು. ಅವರು ಹೇಳುವುದೇನಿದೆ, ನನಗೆ ಗೊತ್ತಿಲ್ಲವೇ ಎಂದು ಕಾರ್ಡನ್ನೆಲ್ಲ ಹಸಿರು ಮಾಡಿಟ್ಟೆ. ನವಿಲು ಹಸಿರು, ಬಳ್ಳಿ ಹಸಿರು, ಅಕ್ಷರವೂ ಹಸಿರು.

ಮರುದಿನ ಅವರು ನೋಡಿ ಹಣೆ ಚಚ್ಚಿಕೊಂಡರು. "ಕಾಯ್ಕು ಅಕ್ಕಾ, ಪೂರಾ ಹರಾಚ್ ಹರಾ? ಎಲ್ಲಾ ಹಸರೇ ಹಸರು ಯಾಕ್ರೀ? ನಾವು ಸೀರಿ ಮಾರೋರು ರೀ, ಪಾಲಕ್ ಸೊಪ್ಪು ಮಾರೋರಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತರು. ಅಂಚಿಗೆ ಚೆಂಡುಹೂವಿನ ಬಣ್ಣ, ಬಳ್ಳಿಗೆ ಈರುಳ್ಳಿ ಸಿಪ್ಪೆಯ ಬಣ್ಣ, ಅಕ್ಷರಕ್ಕೆ ನೇರಳೆ ಹಣ್ಣಿನ ಬಣ್ಣ. ಅವರು ಹೇಳುತ್ತಾ ಹೋದರು, ನಾನು ತುಂಬುತ್ತಾ ಹೋದೆ. ನನ್ನ ದಪ್ಪ ಪುಸ್ತಕದಲ್ಲಿ ಇಲ್ಲದ್ದನ್ನು ಆಕೆ ಒಂದು ಗಂಟೆಯಲ್ಲಿ ಕಲಿಸಿದರು.

ಕೊನೆಗೆ ನಾನು ಸಂಕೋಚದಿಂದ, "ನವಿಲಿಗರ ಸ್ವಲ್ಪ ಹಸರ ಇರ್ಲಿ ಅಲ್ರೀ?" ಎಂದೆ.

"ಇರ್ಲಿ ರೀ, ಅದಕ್ಕೇನು. ಹಚ್ಚೋದಾದ್ರ ಛಲೋದು ಹಚ್ರಿ. ಸೀರ್ಯಾಗ ಬರ್ತದಲ್ಲ, ಆ ರಾಮಾ ಗ್ರೀನ್ ಹಚ್ರಿ."

೫. ಗಿಳಿ

ಮಾನ್ವಿಯ ಅಕ್ಕಿ ಗಿರಣಿ ಮಾಲೀಕರೊಬ್ಬರು ಬಂದರು. ಅವರ ಚೀಲದ ಮೇಲೆ ಗಿಳಿಯ ಗುರುತು. ಹಳೆಯ ಡಿಸೈನ್ ಕಳೆದುಹೋಗಿತ್ತು, ಹೊಸದಾಗಿ ಮಾಡಬೇಕಿತ್ತು. ಊರಿನ ಮೂರು ಅಂಗಡಿಯವರು ಮಾಡಿ ಸೋತಿದ್ದರು ಎಂದು ಕೇಳಿದ ಮೇಲೆ ನನಗೆ ಹಟ ಬಂತು.

ಒಳ್ಳೆಯ ಗಿಳಿಯ ಚಿತ್ರ ತಂದು ಎಳೆ ಹಸಿರು ತುಂಬಿದೆ. "ಇದು ನಮ್ಮ ಗಿಣಿ ಅಲ್ಲರೀ" ಎಂದರು. ಕಡು ಹಸಿರು ಮಾಡಿದೆ. "ಇದು ಹುರುಪಿನ ಗಿಣಿ. ನಮ್ಮದು ಸಮಾಧಾನದ್ದು" ಎಂದರು. ಹೀಗೆ ಹನ್ನೊಂದು ಹಸಿರಾದ ಮೇಲೆ, "ನಾಳೆ ಚೀಲಾನೇ ತರ್ತೀನಿ" ಎಂದು ಎದ್ದರು.

ಚೀಲ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಅದನ್ನು ಅವರು ಗಿರಣಿಯ ಆಫೀಸಿನ ಕಿಟಕಿಗೆ ಬಿಸಿಲು ಬಾರದಂತೆ ಕಟ್ಟಿದ್ದರಂತೆ. ಎಷ್ಟು ಬೇಸಿಗೆ ಉಂಡಿತ್ತೋ, ಹಸಿರು ಒಣಹುಲ್ಲಾಗಿತ್ತು, ಕೆಂಪು ಕೊಕ್ಕು ಬೆಳ್ಳುಳ್ಳಿ ಸಿಪ್ಪೆಯಾಗಿತ್ತು.

"ಯಜಮಾನ್ರ, ಇದು ಬಿಸಲಿಗೆ ಬಾಡಿದ ಬಣ್ಣ. ಹೊಸದಿದ್ದಾಗ ಹಿಂಗ ಇರ್ಲಿಲ್ಲ."

"ನಾ ದಿನಾ ನೋಡೋ ಗಿಣಿ ನನಗ ಗೊತ್ತಿಲ್ಲೇನು? ನಿಮಗ ಆಗಲ್ಲಂದ್ರ ಹೇಳಿಬಿಡ್ರಿ."

ಆಗಲ್ಲ ಎಂಬ ಮಾತು ನನ್ನೆದುರು ಯಾರೂ ಆಡಬಾರದು. ಆ ಚಿತ್ರದಲ್ಲಿ ರೆಕ್ಕೆಗೊಂದು, ಬಾಲಕ್ಕೊಂದು, ಕುತ್ತಿಗೆಗೊಂದು ಎಂದು ಹದಿನಾಲ್ಕು ಹಸಿರಿದ್ದವು. ಹದಿನಾಲ್ಕನ್ನೂ ಸಮನಾಗಿ ಬಾಡಿಸಿದೆ. ಅವರು ಪರದೆ ನೋಡಿ ಎದ್ದು ನಿಂತು, "ಇದೇ! ಇದೇ ನಮ್ಮ ಗಿಣಿ!" ಎಂದರು. ಮುದ್ರಣಕ್ಕೆ ಕಳಿಸಿದೆ.

ಒಂದು ತಿಂಗಳ ಮೇಲೆ ಮಾನ್ವಿಗೆ ಹೋದಾಗ ಕಿರಾಣಿ ಅಂಗಡಿಯೊಂದರ ಮುಂದೆ ಆ ಚೀಲಗಳನ್ನು ಕಂಡೆ. ಉಳಿದ ಗಿರಣಿಗಳ ಚೀಲಗಳು ಥಳಥಳ ಹೊಳೆಯುತ್ತಿದ್ದವು. ನಡುವೆ ನಮ್ಮ ಗಿಳಿ ಮಾತ್ರ ಜ್ವರ ಬಿದ್ದು ಎದ್ದಂತಿತ್ತು. ಇದು ವಾಪಸ್ ಬಾರದೆ ಇರುವುದಿಲ್ಲ ಎನ್ನಿಸಿತು.

ಎರಡು ದಿನ ಕಳೆದು ಮಾಲೀಕರೇ ಬಂದರು. ಕಂಕುಳಲ್ಲಿ ಅದೇ ಹೊಸ ಚೀಲ. ಅದನ್ನು ನನ್ನ ಮೇಜಿನ ಮೇಲೆ ಹಾಸಿದರು. ಚಹಾ ಅಂಗಡಿಯವನು ಬಾಗಿಲಿಗೆ ಬಂದು, "ಅಕ್ಕಾರ, ವಾಪಸ್ ಬಂತೇನು?" ಎಂದ. ಅವನ ಹಿಂದೆ ಓಣಿಯ ಇನ್ನಿಬ್ಬರು ಕತ್ತು ಚಾಚಿದರು.

ನಾನು ಗಟ್ಟಿ ದನಿಯಲ್ಲೇ ಹೇಳಿದೆ, "ಯಜಮಾನ್ರ, ಇದೇ ಬಣ್ಣ ಅಂತ ನಿಮ್ಮ ಬಾಯಿಂದ ಹೇಳೀರಿ."

"ಹೇಳೀನಿ, ಇಲ್ಲ ಅನ್ನಂಗಿಲ್ಲ. ಅಂಗಡ್ಯಾರು ಏನಂದ್ರು ಕೇಳ್ರಿ ಮೊದಲು. ಈ ಚೀಲ ಹಳೇವು ಅಂದ್ರು."

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂದು ಯೋಚಿಸತೊಡಗಿದೆ.

"ಚೀಲ ಇಷ್ಟು ಹಳೇದಂದ್ರ ಅಕ್ಕೀನೂ ಹಳೇದೇ ಇರ್ತದ ಅಂತ ಮಂದಿ ನಮ್ಮ ಚೀಲಾನೇ ಕೇಳಿ ಒಯ್ಯಾಕತ್ತಾರ ರೀ!"

ನಮ್ಮ ಕಡೆ ಅಕ್ಕಿ ಕೊಳ್ಳುವವರ ಮೊದಲ ಪ್ರಶ್ನೆಯೇ "ಹಳೇ ಅಕ್ಕಿ ಅದೇನು?" ಎಂದು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದು ಉದುರುದುರಾಗಿ ಬರುತ್ತದೆ.

"ನಮ್ಮದು ಖರೇನೇ ಹಳೇ ಅಕ್ಕಿ. ಎಷ್ಟೋ ವರ್ಷದಿಂದ ಚೀಲದ ಮ್ಯಾಲ ದಪ್ಪ ಅಕ್ಷರದಾಗ ಬರಸೀನಿ, ಒಬ್ಬರೂ ನಂಬಿರ್ಲಿಲ್ಲ. ಈಗ ಗಿಣಿದು ಬಾಡಿದ ಮಾರಿ ನೋಡಿ ನಂಬ್ಯಾರ!"

ನಾನು ಕುರ್ಚಿಗೆ ಒರಗಿ ಬಾಗಿಲಿನ ಕಡೆ ಒಮ್ಮೆ ನೋಡಿದೆ. ಚಹಾ ಅಂಗಡಿಯವನು ಆಗಲೇ ಸರಿದಿದ್ದ.

"ಮತ್ತ ಈ ಚೀಲ ಯಾಕ ತಂದೀರಿ ಯಜಮಾನ್ರ?"

"ಇದು ಒಂದು ವರ್ಷದ ಅಕ್ಕಿ ಚೀಲ ರೀ. ಗೋದಾಮಿನ್ಯಾಗ ಎರಡು ವರ್ಷದ್ದೂ ಅದ. ಅದರ ಗಿಣೀನ ಇನ್ನಾ ಒಂದು ಬ್ಯಾಸಿಗಿ ಕಿಟಕಿಗೆ ಕಟ್ಟಿದಂಗ ಮಾಡಿಕೊಡ್ರಿ."