ಬಹುಸಂತಾನವತಿ ಗಪ್ಪಿ ಮೀನಿಗೆ, ಎದುರು ಬೆಂಚಿನಿಂದ

ಮಾನ್ಯರೇ,

ಐವಿಎಫ್ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಗಾಜಿನ ತೊಟ್ಟಿಯೊಳಗೆ, ಪ್ಲಾಸ್ಟಿಕ್ ಗಿಡದ ಮಗ್ಗುಲಲ್ಲಿ ಸುಖವಾಗಿ ಬಾಳುತ್ತಿರುವ ತಮಗೆ, ಎದುರು ಬೆಂಚನ್ನು ವರ್ಷಗಟ್ಟಲೆ ಸವೆಸಿರುವ ದಂಪತಿಯ ಪರವಾಗಿ ಗಂಡನಾದ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ತಮ್ಮ ಹೊಟ್ಟೆ ನೋಡಿದರೇ ತಿಳಿಯುತ್ತದೆ.

ನಮ್ಮಂಥವರ ಮನಸ್ಸು ಶಾಂತವಾಗಲೆಂದು ತಮ್ಮನ್ನು ಅಲ್ಲಿಟ್ಟಿದ್ದಾರಂತೆ. ಆದರೆ ತಾಯೀ, ನನ್ನ ಹೆಂಡತಿಯ ಹೊಟ್ಟೆಯ ಮೇಲೆ ಸೂಜಿ ಚುಚ್ಚಿದ ಗುರುತು ಮಾಸುವ ಮೊದಲೇ ತಾವು ಒಂದು ಸ್ಕ್ಯಾನಿಲ್ಲದೆ, ಒಂದು ಸಹಿಯಿಲ್ಲದೆ, ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಿಲ್ಲದೆ ನಮ್ಮ ಕಣ್ಣೆದುರೇ ಮರಿ ಹಾಕಿ, ಏನೂ ಆಗದವರಂತೆ ಗಿಡ ಸುತ್ತಿ ಬರುತ್ತೀರಲ್ಲ, ಇದು ಯಾವ ಸೀಮೆಯ ಶಾಂತಿ? ತಮ್ಮ ಯಜಮಾನರ ಠೀವಿಯಂತೂ ಹೇಳತೀರದು. ಅವರಿಗೆ ಕೈಯಿಲ್ಲದ್ದೇ ಪುಣ್ಯ. ಇದ್ದಿದ್ದರೆ ನನಗೆ ಕೊಟ್ಟಂತೆ ಅದಕ್ಕೂ ಸ್ಯಾಂಪಲ್ಲಿಗೆಂದು ಒಂದು ಮುಚ್ಚಳದ ಡಬ್ಬಿ ಕೊಟ್ಟು, ನರ್ಸಮ್ಮ ಎಲ್ಲರೆದುರು "ಸಾರ್, ಕೊನೇ ಬಾಗಿಲು, ಬೇಗ ಬನ್ನಿ" ಎಂದು ಕೂಗುತ್ತಿದ್ದರು.

ತಮ್ಮ ಸಾಮರ್ಥ್ಯಕ್ಕೆ ಮಾರುಹೋಗಿ, ಡಾಕ್ಟರಮ್ಮನ ಕುರ್ಚಿಗೆ ನೀರು ತುಂಬಿಸಿ ತಮ್ಮನ್ನೇ ಕೂರಿಸಬೇಕೆಂದು ಆಡಳಿತದವರಿಗೆ ಮನವಿ ಕೊಡುವವನಿದ್ದೆ. ಡಾಕ್ಟರಮ್ಮ ಪ್ರತಿ ಸಲವೂ "ಈ ಸಲ ನೋಡೋಣ" ಎನ್ನುತ್ತಾರೆ. ತಾವು ನೋಡುವುದಕ್ಕೆಲ್ಲ ನಿಲ್ಲುವವರೇ ಅಲ್ಲ.

ನಮ್ಮದೆಂದು ಉಳಿದಿದ್ದು ಒಂದೇ ಒಂದು ಭ್ರೂಣ. ನನ್ನವಳ ಗರ್ಭಕೋಶ ಕೈಕೊಟ್ಟದ್ದರಿಂದ ಅದನ್ನು ಅವಳ ಅಕ್ಕನ ಹೊಟ್ಟೆಯಲ್ಲಿಟ್ಟಿದ್ದಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕನಿಗೆ ಸೀನುವ ಸ್ವಾತಂತ್ರ್ಯವಿಲ್ಲ. "ಮೆಲ್ಲಗೆ ಸೀನಕ್ಕಾ" ಎಂದು ಇವಳು ಕೈಮುಗಿದರೆ, "ಸೀನಿದ್ರೆ ಉದುರಿ ಬೀಳೋಕೆ ಇದೇನು ಅಂಗಿ ಗುಂಡೀನೇನೇ?" ಎಂದು ಅವರು ಗದರುತ್ತಾರೆ. ಗದರಿದವರೇ ಆಮೇಲೆ ಮೂಗು ಹಿಡಿದುಕೊಂಡು ಸೀನುತ್ತಾರೆ.

ಮೊನ್ನೆ, ಭ್ರೂಣ ನಿಂತಿದೆಯೇ ಎಂದು ನೋಡುವ ಪರೀಕ್ಷೆಗೆ ಅಕ್ಕನ ರಕ್ತ ಕೊಡಲು ಬಂದಾಗ ತಾವು ಮತ್ತೆ ಹೆತ್ತಿರಿ. ಅಷ್ಟಕ್ಕೇ ಬಿಟ್ಟಿದ್ದರೆ ನಾವೂ ಅಭ್ಯಾಸಬಲದಿಂದ ಅಭಿನಂದಿಸುತ್ತಿದ್ದೆವು. ಆದರೆ ತಾವು ತಿರುಗಿ, ಹೆತ್ತ ಮರಿಗಳನ್ನೇ ಒಂದೊಂದಾಗಿ ನುಂಗತೊಡಗಿದಿರಿ! ಇಷ್ಟು ವರ್ಷ ಯಾವ ಸೂಜಿಗೂ "ಅಯ್ಯೋ" ಎನ್ನದ ನನ್ನ ಹೆಂಡತಿ ಎದ್ದು ಗಾಜು ಬಡಿದು, "ಏಯ್, ಬಿಡೇ! ನಿಂಗೆ ಬೇಡದಿದ್ರೆ ನಮಗೆ ಕೊಡೇ!" ಎಂದು ಕಿರುಚಿದಳು. ಕುಡಿಯುವ ನೀರಿನ ಲೋಟ ಮುಳುಗಿಸಿ ಒಂದು ಮರಿಯನ್ನು ಎತ್ತಿಯೂಬಿಟ್ಟಳು. "ಮೇಡಂ, ಅದು ಆಸ್ಪತ್ರೇದು" ಎಂದು ಸ್ವಾಗತದ ಹುಡುಗಿ ಓಡಿ ಬಂದಾಗ ಅಕ್ಕ, "ನನ್ನ ಹೊಟ್ಟೇಲಿರೋದೂ ಇಲ್ಲಿಂದ್ಲೇ ಬಂದಿದ್ದು, ಅದನ್ನೂ ಎತ್ತಿಟ್ಕೋತೀಯೇನಮ್ಮಾ?" ಎಂದು ಅಡ್ಡ ನಿಂತರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಫಲಿತಾಂಶ ಬರುವ ದಿನ ದಯಮಾಡಿ ಹೆರಬೇಡಿ. ತಡೆಯಲಾಗದಿದ್ದರೆ ಗೋಡೆಯ ಕಡೆ ತಿರುಗಿ ಹೆರಿ. ಊಟವನ್ನಾದರೂ ಹೊರಗೆಲ್ಲಾದರೂ ಮುಗಿಸಿಕೊಂಡು ಬನ್ನಿ.

ಹೊಟ್ಟೆಕಿಚ್ಚನ್ನು ಮುಚ್ಚಿಡದ
ತಮ್ಮ ವಿಶ್ವಾಸಿ,
ಎದುರು ಬೆಂಚಿನ ಗಂಡ

ತಾ.ಕ.: ಪತ್ರ ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಈ ಸಲವೂ ನಿಲ್ಲಲಿಲ್ಲವಂತೆ. ಅಕ್ಕ ಇನ್ನು ಮನಸಾರೆ ಸೀನಬಹುದು. ಆದರೂ ಮೂಗು ಹಿಡಿದುಕೊಂಡೇ ಸೀನುತ್ತಿದ್ದಾರೆ. ತಮ್ಮ ಮರಿ ನಮ್ಮ ಮನೆಯಲ್ಲಿ ಕ್ಷೇಮ. ಮಗುವಿಗೆಂದು ಬಣ್ಣ ಬಳಿದು ಬೀಗ ಹಾಕಿಟ್ಟಿದ್ದ ಚಿಕ್ಕ ಕೋಣೆಯನ್ನು ಇವಳು ಅದಕ್ಕೆ ತೆಗೆದುಕೊಟ್ಟಿದ್ದಾಳೆ. ನೋಡಲು ಬರುವುದಾದರೆ ಬನ್ನಿ, ಆದರೆ ಹೊಟ್ಟೆ ತುಂಬಿಸಿಕೊಂಡು ಬನ್ನಿ.