ಪರೀಕ್ಷೆಗೆ ಮೊದಲೇ ಹೊಡೆದ ಮೊಳೆ

ಕುಷ್ಟಗಿಯ ಅಮರಪ್ಪ ಪರೀಕ್ಷೆ ಬರೆಯುವ ಮೊದಲೇ ಸರ್ಟಿಫಿಕೇಟಿಗೆಂದು ಪಡಸಾಲೆಯ ಗೋಡೆಗೆ ಮೊಳೆ ಹೊಡೆದಿದ್ದ. ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವನಿಗೆ ಮೆಡಿಕಲ್ ಕೋಡಿಂಗ್ ಯಾವ ಮಹಾ? ಡಾಕ್ಟರು ಬರೆದ ಚೀಟಿ ಓದಿ, ದಪ್ಪ ಪುಸ್ತಕ ನೋಡಿ, ರೋಗಕ್ಕೊಂದು ನಂಬರು ಹಚ್ಚುವುದು. ಸೊಸೆ ಶೈಲಜಾ ಆರು ತಿಂಗಳಿಂದ ಅದಕ್ಕಾಗಿ ಓದುತ್ತಿದ್ದಳು. ಪರೀಕ್ಷೆಯಲ್ಲೂ ಪುಸ್ತಕ ನೋಡಬಹುದೆಂದು ತಿಳಿದ ದಿನವೇ ಮಾವನೂ ಅರ್ಜಿ ಹಾಕಿದ. (ಪುಸ್ತಕ ಕೈಗೆ ಕೊಟ್ಟು ಕೂರಿಸುವುದೂ ಒಂದು ಪರೀಕ್ಷೆಯೇ!)

ಓದಲು ಕೂತರೆ ಜಗಳ. ಚೀಟಿಯಲ್ಲಿ ‘ಕೆಮ್ಮು, ಕ್ಷಯವಿರಬಹುದು’ ಎಂದಿದ್ದರೆ ಅಮರಪ್ಪ ಸೀದಾ ಕ್ಷಯದ ನಂಬರು ಬರೆಯುತ್ತಿದ್ದ.

“ಮಾವಾರ, ಡಾಕ್ಟರು ಖಾತ್ರಿ ಮಾಡಿಲ್ಲರಿ. ಬರೇ ಕೆಮ್ಮು ಅಂತ ಹಚ್ಚಬೇಕು.”

“ಡಾಕ್ಟರಿಗೆ ಖಾತ್ರಿ ಇರಲಿಕ್ಕಿಲ್ಲ. ನನಗೈತಿ!”

ಅಷ್ಟರಲ್ಲಿ ಪಕ್ಕದ ಮನೆಯ ಕೊಟ್ರಪ್ಪ ಕೆಮ್ಮುತ್ತ ಬಂದ. ಅವನು ಹೊಸ್ತಿಲು ದಾಟುವ ಮೊದಲೇ ಅಮರಪ್ಪನ ತೀರ್ಪು ಹೊರಬಿತ್ತು: “ಇದು ಎದಿ ಕೆಮ್ಮಲ್ಲೋ, ಪಿತ್ತದ್ದು. ನಿನ್ನೆ ಆರು ಮಿರ್ಚಿ ತಿಂದಿ, ಹೌದಿಲ್ಲೋ?”

ಕೊಟ್ರಪ್ಪ ಕೈಮುಗಿದ. “ನೋಡವ್ವಾ ಶೈಲಜಾ, ಕೈ ಹಿಡದು ನೋಡಲಾರದ ಹೇಳಿದ್ರು!”

“ಹೇಳಲಾರದ ಏನು ಮಾಡ್ತಾರ?” ಅಡುಗೆಮನೆಯಿಂದ ಹೆಂಡತಿ ವಿರೂಪಾಕ್ಷಮ್ಮ ಕೂಗಿದಳು. “ಬಜಿ ಅಂಗಡ್ಯಾಗ ಇಬ್ರೂ ಕೂಡೇ ಕುಂತು ತಿಂದೀರಲ್ಲ!”

ಕೊಪ್ಪಳದ ಪರೀಕ್ಷಾ ಕೇಂದ್ರದಲ್ಲಿ ಅಮರಪ್ಪ ಕಂಪ್ಯೂಟರಿನ ಮುಂದೆ ವೈದ್ಯಶಿರೋಮಣಿಯಂತೆ ವಿರಾಜಮಾನನಾದ. ಎದೆನೋವೆಂದವರಿಗೆಲ್ಲ ಹೃದಯಾಘಾತ, ಜ್ವರವೆಂದವರಿಗೆಲ್ಲ ಟೈಫಾಯ್ಡ್ ದಯಪಾಲಿಸಿದ. ನೂರು ಪ್ರಶ್ನೆ ಮುಗಿಯುವಷ್ಟರಲ್ಲಿ ಒಬ್ಬ ರೋಗಿಯೂ ನೆಟ್ಟಗೆ ಉಳಿದಿರಲಿಲ್ಲ.

ಫಲಿತಾಂಶ ಬಂತು. ಸೊಸೆ ಪಾಸು, ಮಾವ ನಪಾಸು. ಸೊಸೆಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ವಿರೂಪಾಕ್ಷಮ್ಮ ತಾನೇ ಅದೇ ಮೊಳೆಗೆ ತೂಗುಹಾಕಿದಳು. “ಮೊಳಿ ಮಾತ್ರ ಭಾಳ ಗಟ್ಟಿ ಹೊಡದೀರಿ” ಎಂದು ಗಂಡನನ್ನು ಹೊಗಳಿದಳು ಕೂಡ.

ಅಮರಪ್ಪ ಪಣ ತೊಟ್ಟ. ಮರುಪರೀಕ್ಷೆ ಗೆಲ್ಲುವವರೆಗೆ ಡಾಕ್ಟರು ಹೇಳದ್ದನ್ನು ತಾನೂ ಹೇಳುವುದಿಲ್ಲ. ಆ ಸರ್ಟಿಫಿಕೇಟಿನ ಕೆಳಗೇ ಕೂತು ಸೊಸೆಯಿಂದ ಪಾಠ ಹೇಳಿಸಿಕೊಳ್ಳತೊಡಗಿದ.

ಒಂದು ಮುಂಜಾನೆ ಕೊಟ್ರಪ್ಪ ತನ್ನ ಬೀಗರನ್ನು ಕರೆತಂದ. “ನವಲಿ ಊರವರು, ಭಾಳ ಕೆಮ್ಮತಾರ. ನಮ್ಮ ಅಮರಪ್ಪಣ್ಣ ಮುಖ ನೋಡಿದ್ರ ಸಾಕು, ರೋಗ ಹೇಳತಾರಂತ ಕರಕೊಂಡ ಬಂದೀನ್ರಿ.”

ಅಮರಪ್ಪನ ನಾಲಿಗೆಯ ತುದಿಗೆ ನಾಲ್ಕು ರೋಗಗಳು ಬಂದು ನಿಂತವು. ಸೊಸೆಯತ್ತ ನೋಡಿದ. ನಾಲ್ಕನ್ನೂ ನುಂಗಿಕೊಂಡ.

“ಕೆಮ್ಮು” ಎಂದ.

“ಹೌದ್ರಿ. ಯಾತರ ಕೆಮ್ಮು?”

“ಬರೇ ಕೆಮ್ಮು.”

ಬೀಗರು ಚಪ್ಪಲಿ ಮೆಟ್ಟಿದರು. “ಇದನ್ನ ಕೇಳಾಕ ಎರಡು ಬಸ್ ಹತ್ತಿಸಿ ಕರಕೊಂಡ ಬಂದ್ರೇನ್ರಿ, ಬೀಗರ?”

ಓಣಿಯಲ್ಲಿ ಮೂವತ್ತು ವರ್ಷ ನಿಂತಿದ್ದ ಹೆಸರು ಅವರ ಬೆನ್ನಹಿಂದೆಯೇ ಹೊರಟುಹೋಯಿತು. ಒಳಗಿನಿಂದ ವಿರೂಪಾಕ್ಷಮ್ಮನ ದನಿ ಬಂತು:

“ಈಗ ಪಾಸಾದ್ರಿ ನೋಡ್ರಿ!”